ಬೆಂಕಿ ಹತ್ತಿದ್ದು ಗಿರಿಜವ್ವನ ಒಲೆಯಿಂದಲ್ಲ

ಬೆಂಕಿ ಹತ್ತಿದ್ದು ಗಿರಿಜವ್ವನ ಒಲೆಯಿಂದಲ್ಲ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ. ಆ ಬೋರ್ಡಿನ ಫ್ಯೂಸಿಗೆ ದಪ್ಪ ತಂತಿ ಕಟ್ಟಿದವನು ನಾನು. ಇದು ನನಗೆ ಅವತ್ತೇ ಗೊತ್ತಿತ್ತು — ಬೆಂಕಿ ಪೂರ್ತಿ ಆರುವ ಮೊದಲೇ ಗೊತ್ತಿತ್ತು. ಆದರೂ ಏಳು ವರ್ಷ ಊರವರ ಬಾಯಲ್ಲಿ ಆಕೆಯ ಹೆಸರೇ ಇರುವಂತೆ ಮಾಡಿದೆ. ಆಕೆಯಿಂದಲೇ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡೆ.

ಮುಖ್ಯವಾದದ್ದು ಇಷ್ಟೇ. ಉಳಿದದ್ದನ್ನು ಬರೆಯದೆ ಬಿಡಬಹುದಿತ್ತು. ಆದರೆ ಹೀಗೆ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದರೆ ಅದೂ ಒಂದು ಜಾಣತನವೇ ಆದೀತು. ಜಾಣತನ ಸಾಕು.

ನಾನು ಸವಣೂರಿನವನು. ನಮ್ಮ ಮನೆಯಲ್ಲಿ ಮೂರು ತಲೆಮಾರು ಸಂಸ್ಕೃತ ಪಾಠ ಹೇಳಿದರು. ನಾನು ಭೌತಶಾಸ್ತ್ರ ಹೇಳಿದೆ. ಹಾನಗಲ್ಲು, ಹಿರೇಕೆರೂರು, ಕೊನೆಗೆ ಶಿಗ್ಗಾಂವಿ — ಪಿಯು ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ. ನಿವೃತ್ತಿಯಾದ ಮೇಲೆ ಶಿಗ್ಗಾಂವಿಯಲ್ಲೇ ಉಳಿದೆವು, ನಾನು ಮತ್ತು ನನ್ನ ಹೆಂಡತಿ ಸುಧಾ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಐದಂತಸ್ತಿನ ಒಂದು ಅಪಾರ್ಟ್‌ಮೆಂಟು. ಇಪ್ಪತ್ತು ಮನೆಗಳು. ಮೂರನೆಯ ಮಹಡಿಯಲ್ಲಿ ನಮ್ಮದು. ನಿವಾಸಿಗಳ ಸಂಘ ಎಂದು ಒಂದಿತ್ತು. ಓದಿದವರು, ಹೊತ್ತು ಇದ್ದವರು ಎಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ನೀರು ಬರಲಿಲ್ಲವೆಂದರೂ ನನ್ನ ಬಾಗಿಲು, ಲಿಫ್ಟು ನಿಂತಿತೆಂದರೂ ನನ್ನ ಬಾಗಿಲು. ಎಲ್ಲರಿಗೂ ನಾನು 'ಸರ'. ಬೇಸರವಾದವನಂತೆ ತೋರಿಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ದಿನಕ್ಕೆ ನಾಲ್ಕು ಸಲ ಯಾರಾದರೂ ಬಂದು ಬೆಲ್ ಒತ್ತದಿದ್ದರೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ.

ಗಿರಿಜವ್ವ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದಳು. ಗಂಡ ಗೂಡ್ಸ್ ಟೆಂಪೊ ಓಡಿಸುತ್ತಿದ್ದವನು, ಅಪಘಾತದಲ್ಲಿ ತೀರಿಕೊಂಡಿದ್ದ. ಮಗಳು ರೇಖಾ ಆಗ ಹತ್ತನೆಯ ಇಯತ್ತೆ. ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹೆದ್ದಾರಿಯ ಖಾನಾವಳಿಗಳಿಗೆ ಕೊಡುತ್ತಿದ್ದಳು. ಬೆಳಗಿನ ಐದರಿಂದ ಆ ಪಟಪಟ ಸದ್ದು ಶುರುವಾಗುತ್ತಿತ್ತು. ಕೆಲವರಿಗೆ ಅದು ಹಿಡಿಸುತ್ತಿರಲಿಲ್ಲ. ಇರುವ ಮನೆಯಲ್ಲಿ ಧಂದೆ ಮಾಡುತ್ತಾಳೆ ಎಂಬ ಮಾತು ಸಂಘದ ಸಭೆಯಲ್ಲಿ ಎರಡು ಸಲ ಬಂದಿತ್ತು. ನಾನು ಆಕೆಯ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಬಿಸಿ ರೊಟ್ಟಿ ನಮ್ಮ ಮನೆಗೂ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟರು ಕೈಕೊಡತೊಡಗಿತು. ಚಾಲೂ ಮಾಡಿ ಹತ್ತು ನಿಮಿಷಕ್ಕೆ ಫ್ಯೂಸು ಹೋಗುತ್ತಿತ್ತು. ಮೇಲಿನ ನೀರಿನ ಟಾಕಿ ತುಂಬುತ್ತಿರಲಿಲ್ಲ. ಇಪ್ಪತ್ತು ಮನೆಯವರೂ ನನ್ನ ಕಡೆಗೇ ಬರುತ್ತಿದ್ದರು. ಮೋಟರು ಬಿಚ್ಚಿ ನೋಡುವ ಮಿಸ್ತ್ರಿ ವಾರ ಬಿಟ್ಟು ಬರುತ್ತೇನೆಂದ. ಅಲ್ಲಿಯವರೆಗೆ ಕಾಯಬೇಕಿತ್ತು. ನಾನು ಕಾಯಲಿಲ್ಲ. ಒಂದು ಸಂಜೆ ಮೆಟ್ಟಿಲ ಕೆಳಗೆ ಹೋಗಿ, ಪಿಂಗಾಣಿಯ ಫ್ಯೂಸನ್ನು ಎಳೆದು, ಸಣ್ಣ ಎಳೆಯ ಬದಲು ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿಯನ್ನು ಎರಡು ಸುತ್ತು ಸುತ್ತಿ ಮತ್ತೆ ಕೂಡಿಸಿದೆ. ಸುಧಾ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು.

ಫ್ಯೂಸು ಯಾಕೆ ಇರುತ್ತದೆ ಎಂಬುದನ್ನು ನಾನು ಮೂವತ್ತೊಂದು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೇನೆ. ಅದು ಸುಟ್ಟುಹೋಗಬೇಕು, ಸುಟ್ಟುಹೋಗಿ ಮನೆ ಉಳಿಸಬೇಕು. ಅದನ್ನು ಸುಡದ ಹಾಗೆ ಮಾಡಿದವನು ಮುಂದೆ ಏನಾಗುತ್ತದೆಂದು ತಿಳಿದಿರಲಿಲ್ಲ ಎನ್ನುವಂತಿಲ್ಲ. ತಿಳಿದಿತ್ತು. ಮಿಸ್ತ್ರಿ ಬರುವ ತನಕ ಎಂದುಕೊಂಡೆ. ಮಿಸ್ತ್ರಿ ಫೋನ್ ಮಾಡಿದಾಗ, "ಈಗ ಛಲೋ ನಡದದ, ಸಾವಕಾಶ ಬಾ" ಎಂದೆ. ನೀರು ಏರುತ್ತಿತ್ತು. ಎಲ್ಲರೂ ಸರ ಮೋಟರು ರಿಪೇರಿ ಮಾಡಿದರು ಎನ್ನುತ್ತಿದ್ದರು. ನಾನು ಹೌದು ಎನ್ನಲಿಲ್ಲ — ಅಲ್ಲ ಎಂದೂ ಅನ್ನಲಿಲ್ಲ.

ಎಂಟು ಹತ್ತು ದಿನ ಕಳೆದಿರಬೇಕು. ಗಿರಿಜವ್ವ ಕೆಳಗೆ ಪಾರ್ಕಿಂಗಿನಲ್ಲಿ ನನ್ನನ್ನು ನಿಲ್ಲಿಸಿದಳು. ಅಲ್ಲಿ ಇನ್ನೂ ಮೂರು ನಾಲ್ಕು ಜನ ನಿಂತಿದ್ದರು.

"ಸರ, ಮೋಟರ್ ಚಾಲೂ ಆದಾಗೊಮ್ಮೆ ನಮ್ಮ ಅಡಗಿಮನಿ ಖಿಡಕ್ಯಾಗಿಂದ ಸುಟ್ಟ ವಾಸನಿ ಬರಾಕತ್ತೈತ್ರಿ. ರಬ್ಬರ್ ಸುಟ್ಟಂಗ. ಆ ಬೋರ್ಡ್ ಒಂದೀಟ ನೋಡ್ರಿ."

ಆಕೆಯ ಅಡುಗೆಮನೆಯ ಕಿಟಕಿ ತೆರೆಯುತ್ತಿದ್ದುದು ವೈರು, ಪೈಪು ಎಲ್ಲ ಮೇಲೇರುವ ಕಿರಿದಾದ ಸಂದಿಗೆ. ಆ ಸಂದಿಯ ಬುಡದಲ್ಲೇ ಮೀಟರ್ ಬೋರ್ಡು. ಆಕೆಗೆ ವಾಸನೆ ಬಂದಿತ್ತೆಂದರೆ ಬಂದಿತ್ತು. ನಾನು ಹೇಳಿದ್ದು ಏನು?

"ಹಂಚಿನ ಮ್ಯಾಲೆ ರೊಟ್ಟಿ ಹತ್ತಿರಬೇಕು, ನೋಡ್ಕೋರಿ."

ನಿಂತಿದ್ದವರು ನಕ್ಕರು. ಆಕೆಯೂ ಸ್ವಲ್ಪ ನಕ್ಕಳು, ನಗದಿದ್ದರೆ ತಪ್ಪಾದೀತು ಎನ್ನುವ ಹಾಗೆ. ಎರಡು ದಿನ ಬಿಟ್ಟು ರೇಖಾ ನಮ್ಮ ಬಾಗಿಲಿಗೆ ಬಂದು ಒಂದು ಅರ್ಜಿ ಕೊಟ್ಟಳು. ನೋಟುಬುಕ್ಕಿನ ಹಾಳೆ, ಗುಂಡಗಿನ ಅಕ್ಷರ, ಮಾನ್ಯ ಕಾರ್ಯದರ್ಶಿಗಳಿಗೆ ಎಂದು ಶುರು. ಬೋರ್ಡು ಮುಟ್ಟಿದರೆ ಬಿಸಿ ಹತ್ತುತ್ತದೆ, ಅದರ ಪಕ್ಕ ಹಳೆಯ ಗಾದಿ, ಶಾಮಿಯಾನದ ಬಟ್ಟೆ ಇಟ್ಟಿದ್ದಾರೆ, ದಯವಿಟ್ಟು ಗಮನಿಸಬೇಕು. ಕೊನೆಗೆ ತಾಯಿಯ ಸಹಿ. ನಾನು ಓದಿದೆ. ಕಾಗುಣಿತ ತಪ್ಪಿಲ್ಲ ಎಂದು ಹುಡುಗಿಯನ್ನು ಹೊಗಳಿದೆ. ಅರ್ಜಿಯನ್ನು ಸಂಘದ ಕಡತದಲ್ಲಿ ಇಟ್ಟೆ. ಅವತ್ತು ಕೆಳಗೆ ಇಳಿದು ಬೋರ್ಡಿನ ಮೇಲೆ ಒಮ್ಮೆ ಅಂಗೈ ಇಟ್ಟಿದ್ದರೆ —

ಇಡಲಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಗಳು ನನಗೆ ಕರೆಂಟಿನ ವಿಷಯ ಹೇಳಿದ್ದು ನನಗೆ ಸೇರಲಿಲ್ಲ. ಬೇರೆ ಕಾರಣವನ್ನು ಹುಡುಕಿ ನೋಡಿದ್ದೇನೆ, ಇಲ್ಲ.

ಬೆಂಕಿ ಬಿದ್ದದ್ದು ಒಂದು ಗುರುವಾರ, ಬೆಳಗಿನ ಹತ್ತೂವರೆಯ ಸುಮಾರಿಗೆ. ಸುಧಾ ಹಿಂದಿನ ದಿನವೇ ಸವಣೂರಿಗೆ ಹೋಗಿದ್ದಳು. ನಾನು ಮೋಟರಿನ ಬಟನ್ ಒತ್ತಿ, ಚೀಲ ಹಿಡಿದು ಸಂತೆಗೆ ಹೋದೆ. ಬದನೆಕಾಯಿ ಆರಿಸುತ್ತಿದ್ದಾಗ ಫೋನು ಬಂತು. ಓಡುತ್ತ ಬಂದೆ. ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲೆಲ್ಲ ಕಪ್ಪು ಹೊಗೆ. ಗಾದಿ, ಬಟ್ಟೆ ಹೊತ್ತಿಕೊಂಡಿದ್ದವು. ಉರಿ ಆ ಸಂದಿಯಲ್ಲಿ ಏರಿ ಗಿರಿಜವ್ವನ ಕಿಟಕಿಯನ್ನು ಹಿಡಿದಿತ್ತು. ರಸ್ತೆಯಲ್ಲಿ ನಿಂತವರಿಗೆ ಕಾಣುತ್ತಿದ್ದುದು ಆ ಕಿಟಕಿಯೊಂದೇ. "ರೊಟ್ಟಿ ಮನೀಗೆ ಬೆಂಕಿ ಹತ್ತ್ಯಾದ, ರೊಟ್ಟಿ ಮನೀಗೆ" ಎಂದು ಯಾರೋ ಕೂಗುತ್ತಿದ್ದರು. ಮೊದಲು ಹಾಗೆ ಕೂಗಿದವನು ನಾನಲ್ಲ. ಅಷ್ಟು ಮಾತ್ರ ನನ್ನದಲ್ಲ.

ಆ ಹೊಗೆಯಲ್ಲಿ ಗಿರಿಜವ್ವ ಏನು ಮಾಡಿದಳೆಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಮಗಳನ್ನು ಕೆಳಗೆ ಅಟ್ಟಿ ಆಕೆ ಮೇಲೆ ಹತ್ತಿದಳು. ಎರಡನೆಯ ಮಹಡಿ, ಮೂರನೆಯ ಮಹಡಿ, ಒಂದೊಂದೇ ಬಾಗಿಲು ಎರಡೂ ಕೈಯಿಂದ ಬಡಿದು ಬಡಿದು ಎಲ್ಲರನ್ನೂ ಹೊರಡಿಸಿದಳು. ಬಾಣಂತಿಯೊಬ್ಬಳ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಐದನೆಯ ಮಹಡಿಯವರು ತಾರಸಿಯ ಗಚ್ಚಿಗೆ ಹತ್ತಿ ಪಾರಾದರು. ನಾಲ್ಕನೆಯದಕ್ಕೆ ಗಿರಿಜವ್ವನಿಗೆ ಹೋಗಲಾಗಲಿಲ್ಲ; ಉಸಿರು ಕಟ್ಟಿ ಅರ್ಧ ಮೆಟ್ಟಿಲಿಗೇ ಕುಸಿದು, ಹೊರಳಿ ಇಳಿದಳು.

ನಾಲ್ಕನೆಯ ಮಹಡಿಯಲ್ಲಿ ಮಹಾರುದ್ರಪ್ಪನವರಿದ್ದರು. ನಿವೃತ್ತ ಬಸ್ ಕಂಡಕ್ಟರು, ನನ್ನ ವಯಸ್ಸಿನವರೇ. ಹೆಂಡತಿ ಶಿವಗಂಗವ್ವ ಅವತ್ತು ದವಾಖಾನೆಗೆ ಹೋಗಿದ್ದರು. ಆ ಮಹಡಿಯ ಉಳಿದ ಮನೆಗಳವರು ಬಾಗಿಲು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತರು, ಅವರನ್ನು ಏಣಿ ತಂದು ಇಳಿಸಿದರು. ಮಹಾರುದ್ರಪ್ಪನವರು ಮೆಟ್ಟಿಲಿನಿಂದ ಇಳಿಯಲು ಹೊರಟರು. ಅವರು ಸಿಕ್ಕಿದ್ದು ಮೂರು ಮತ್ತು ನಾಲ್ಕರ ನಡುವಿನ ತಿರುವಿನಲ್ಲಿ. ಮೈ ಸುಟ್ಟಿರಲಿಲ್ಲ. ಹೊಗೆ ಕುಡಿದು ತೀರಿಹೋಗಿದ್ದರು.

ಸಂಜೆ, ಎಲ್ಲ ತಣ್ಣಗಾಗಿ ಜನ ಆಸ್ಪತ್ರೆಯ ಕಡೆಗೆ ಹೋಗಿದ್ದಾಗ, ನಾನು ಮೆಟ್ಟಿಲ ಕೆಳಗೆ ಬಗ್ಗಿ ಹೋದೆ. ಬೋರ್ಡು ಕರಗಿ ಇಳಿದಿತ್ತು. ಪಿಂಗಾಣಿಯ ಫ್ಯೂಸು ಮಾತ್ರ ಇದ್ದಲ್ಲೇ ಇತ್ತು, ಒಳಗೆ ನನ್ನ ತಂತಿಯೂ. ಎಳೆದುಕೊಂಡೆ. ಇನ್ನೂ ಬೆಚ್ಚಗಿತ್ತು. ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಮರುದಿನ ಕಸದ ಗಾಡಿಗೆ ಎಸೆದೆ. ಕಡತದಿಂದ ಅರ್ಜಿ ತೆಗೆದು ಹರಿದು ಹಾಕಿದೆ. ಇದೆಲ್ಲ ಗಾಬರಿಯಲ್ಲಿ ಮಾಡಿದ್ದು ಎನ್ನಲು ಆಗುವುದಿಲ್ಲ. ಒಂದಾದ ಮೇಲೊಂದು, ಲೆಕ್ಕ ಬಿಡಿಸುವ ಹಾಗೆ ಸಾವಧಾನವಾಗಿ ಮಾಡಿದೆ.

ವಿಚಾರಣೆಗೆ ಬಂದವರು ಸಹಜವಾಗಿಯೇ ನನ್ನನ್ನು ಕೇಳಿದರು. ಕಾರ್ಯದರ್ಶಿ, ಮೇಲಾಗಿ ವಿಜ್ಞಾನದ ಉಪನ್ಯಾಸಕ. ಬೆಂಕಿ ಗಿರಿಜವ್ವನ ಅಡುಗೆಮನೆಯಿಂದ ಸಂದಿಯಲ್ಲಿ ಕೆಳಗಿಳಿದು ಬೋರ್ಡಿಗೆ ತಗುಲಿರಬಹುದೇ ಎಂದು ಅವರು ಕೇಳಿದರು. ಉರಿಯುವ ಪ್ಲಾಸ್ಟಿಕ್ಕು ತೊಟ್ಟಿಕ್ಕಿದರೆ ಹಾಗೂ ಆಗುತ್ತದೆ ಎಂದು ನಾನು ವಿವರಿಸಿದೆ. ಅದು ಸುಳ್ಳಲ್ಲ. ಹಾಗೂ ಆಗುತ್ತದೆ. ಅವತ್ತು ಹಾಗೆ ಆಗಿರಲಿಲ್ಲ, ಅಷ್ಟೇ.

ನಾಲ್ಕು ದಿನದ ಮೇಲೆ ಸಂಘದ ಸಭೆ ಸೇರಿತು. ಹೊಣೆ ಯಾರದು ಎಂಬುದು ನಿಕ್ಕಿಯಾಗಬೇಕಿತ್ತು. ಒಬ್ಬ ಮನುಷ್ಯ ಸತ್ತಿದ್ದ. ಯಾರ ಹೆಸರೂ ಇಲ್ಲದೆ ಬಿಟ್ಟರೆ ಎಲ್ಲರ ಹೆಸರೂ ಬರುತ್ತದೆ ಎಂಬ ಅಂಜಿಕೆ ಪ್ರತಿಯೊಬ್ಬರ ಮುಖದಲ್ಲೂ ಇತ್ತು. ಗಾದಿ ಇಟ್ಟವರು ಅಲ್ಲಿದ್ದರು, ಶಾಮಿಯಾನ ಇಟ್ಟವರು ಅಲ್ಲಿದ್ದರು. ಎಲ್ಲರ ಕಣ್ಣೂ ಗಿರಿಜವ್ವನ ಮೇಲೆ. ಆಕೆ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು, ಬಡಿದು ಬಡಿದು ಬಾತ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು.

ರೇಖಾ ಎದ್ದು ನಿಂತಳು. "ಸರ, ಬೋರ್ಡ್ ಬಿಸಿ ಆಗತೈತಿ ಅಂತ ನಾನ ಅರ್ಜಿ ಬರದು ನಿಮ್ಮ ಕೈಯಾಗ ಕೊಟ್ಟಿದ್ನೆಲ್ರೀ."

ಇಪ್ಪತ್ತು ಮನೆಯವರು ನನ್ನ ಕಡೆ ತಿರುಗಿದರು. ಹದಿನಾರರ ಹುಡುಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಸರ ಹೌದೆನ್ನುತ್ತಾರೆ ಎಂಬ ಬಗ್ಗೆ ಆಕೆಗೆ ಸಂಶಯವೇ ಇರಲಿಲ್ಲ.

"ಯಾವ ಅರ್ಜಿ ಅವ್ವಿ? ನನಗೇನು ಬಂದಿಲ್ಲಲ್ಲ" ಎಂದೆ.

ಆಕೆ ಕೂತಳು. ಅವತ್ತಿನಿಂದ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಸಭೆ ಮುಗಿದ ಮೇಲೆ ನಾನು ಗಿರಿಜವ್ವನ ಮನೆಗೆ ಹೋದೆ. ಕೈಯಲ್ಲಿ ಒಂದು ಕಾಗದವಿತ್ತು, ಶುದ್ಧ ಕನ್ನಡದಲ್ಲಿ ನಾನೇ ಬರೆದದ್ದು. ಅಡುಗೆಮನೆಯ ಒಲೆಯನ್ನು ಆರಿಸದೆ ಬಿಟ್ಟಿದ್ದರಿಂದ ಬೆಂಕಿ ಹತ್ತಿತೆಂದೂ, ಇದಕ್ಕೆ ತಾನೇ ಹೊಣೆಯೆಂದೂ, ಸ್ವಇಚ್ಛೆಯಿಂದ ಮನೆ ಬಿಡುತ್ತಿರುವುದಾಗಿಯೂ. ಸುಟ್ಟ ಗೋಡೆಗೆ ಬೆನ್ನು ಕೊಟ್ಟು ಆಕೆ ಕೂತಿದ್ದಳು.

"ಇದಕ್ಕ ಸಹಿ ಮಾಡ್ರಿ. ಮಂದಿ ಸಿಟ್ಟು ಇಳೀತದ. ಪೊಲೀಸ್ ಕೇಸ್ ಗೀಸ್ ಆಗೂದಿಲ್ಲ, ನಾ ನೋಡ್ಕೋತೇನಿ" ಎಂದೆ.

ಆಕೆ ಕಾಗದವನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. "ವಾಸನಿ ಬಂದ ಕೂಡ್ಲೆ ಓಡಿ ಹೊರಗ ಬಂದೆರಿ. ಒಲಿ ಆರಿಸಿದ್ನೋ ಇಲ್ಲೋ ನೆಪ್ಪ ಇಲ್ರಿ, ಸರ. ನಾಕನೇ ಮಜಲಿಗೂ ನಾ ಹೋಗಲಿಲ್ಲ. ನೀವು ಇದರಾಗ ಕಲತವರು... ನೀವ ಹೇಳ್ರಿ. ನನ್ನಿಂದನ ಆಗೇತೇನ್ರಿ?"

ಆಕೆ ನಿಜವಾಗಿ ಕೇಳುತ್ತಿದ್ದಳು. ತಿಳಿಯಬೇಕಾಗಿತ್ತು ಆಕೆಗೆ. ನಾನು ಇಲ್ಲ ಎಂದಿದ್ದರೆ ಆ ಕ್ಷಣಕ್ಕೆ ಎದ್ದು ನಿಲ್ಲುತ್ತಿದ್ದಳು.

"ಹೌದ್ರಿ" ಎಂದೆ. "ಹಂಗ ಕಾಣಸ್ತದ."

ಆಕೆ ಸಹಿ ಮಾಡಿದಳು. ಬಾತ ಬೆರಳಿನಲ್ಲಿ ಪೆನ್ನು ನಿಲ್ಲಲಿಲ್ಲ. ಎರಡು ಸಲ ಬಿತ್ತು. ನಾನು ಎತ್ತಿಕೊಟ್ಟೆ.

ಕೇಸು ಆಯಿತು. ಆಗುವುದಿಲ್ಲ ಎಂದಿದ್ದೆ, ಆಯಿತು. ಒಂದೂವರೆ ವರ್ಷ ಆಕೆ ಕೋರ್ಟಿಗೆ ಅಲೆದಳು. ಕೊನೆಗೆ ತಪ್ಪು ಒಪ್ಪಿಕೊಂಡೆ ಎಂದಳು. ಶಿಕ್ಷೆಯಾಗಿ ದಂಡ ಹಾಕಿಸಿಕೊಂಡು ಹೊರಬಂದಳು. ಅಷ್ಟರಲ್ಲಿ ಖಾನಾವಳಿಯವರು ರೊಟ್ಟಿ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರು. ಮಗಳನ್ನು ಕರೆದುಕೊಂಡು ಅಕ್ಕನ ಊರಾದ ಚಿಕ್ಕೇರೂರಿಗೆ ಹೋದಳೆಂದು ಕೇಳಿದೆ. ಶಿವಗಂಗವ್ವನವರೂ ಮನೆ ಬಿಟ್ಟು ತಿಳವಳ್ಳಿಗೆ, ತಮ್ಮನ ಮನೆಗೆ ಹೋದರು. ಅಪಾರ್ಟ್‌ಮೆಂಟಿಗೆ ಹೊಸ ವೈರಿಂಗ್ ಆಯಿತು, ಹೊಸ ಬಣ್ಣ ಬಂತು. ನಾನು ಕಾರ್ಯದರ್ಶಿಯಾಗಿಯೇ ಉಳಿದೆ. ಮನೆಯಲ್ಲಿ ಸುಧಾ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಹಾಸಿಗೆಯ ಎರಡು ಮಗ್ಗುಲಲ್ಲಿ ಇಬ್ಬರೂ ಅದನ್ನು ಇಟ್ಟುಕೊಂಡು ಮಲಗಿದೆವು, ಆರು ವರ್ಷ.

ಹೋದ ವರ್ಷ ಹಿರೇಕೆರೂರಿನಲ್ಲಿ ಹಳೆಯ ಸಹೋದ್ಯೋಗಿಯ ಮಗನ ಮದುವೆ ಇತ್ತು. ಮುಗಿಸಿಕೊಂಡು ಹಾನಗಲ್ಲಿಗೆ ಹೋಗುವ ಬಸ್ಸು ಹತ್ತಿದೆ. ಚಿಕ್ಕೇರೂರಿನಲ್ಲಿ ಹೆಂಗಸರ ಗುಂಪೊಂದು ಹತ್ತಿತು. ಅದರಲ್ಲಿ ಗಿರಿಜವ್ವ ಇದ್ದಳು. ಬಗಲಲ್ಲಿ ಬಟ್ಟೆ ಕಟ್ಟಿದ ಬುಟ್ಟಿ. ನಾನು ಮುಖ ಕಿಟಕಿಗೆ ತಿರುಗಿಸಿದೆ. ಆಕೆ ಗುರುತು ಹಿಡಿದಳು. ಸೀದಾ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ಸರ! ಆರಾಮ ಅದೀರೇನ್ರಿ? ಸುಧಾ ಅಕ್ಕಾರು ಹೆಂಗದಾರ್ರಿ?"

ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ.

"ತಿಳವಳ್ಳಿಗ್ರಿ. ಶಿವಗಂಗಕ್ಕನ ಕಡೆ. ಹೆಂಗಸರಿಗೆ ಬಸ್ ಪುಕ್ಕಟೆ ಆದಾಗಿಂದ ವಾರಕ್ಕೊಮ್ಮೆ ಹೊಕ್ಕೇನ್ರಿ. ಆಕೀಗೆ ಮೊಣಕಾಲ ಹಿಡದಾವು. ತಲಿಗೆ ಎರದು, ಬಟ್ಟಿ ಒಗದು, ರೊಟ್ಟಿ ಕೊಟ್ಟು ಬರ್ತೇನಿ. ಮೊದಲ ಎರಡ ವರ್ಷ ಆಕಿ ನನ್ನ ಕಟ್ಟಿ ಹತ್ತಗೊಡಲಿಲ್ರಿ. ಬುಟ್ಟಿ ತಗದು ಬೀದಿಗೆ ಒಗದಳು. ಒಗೀಲಿ ಬಿಡ್ರಿ, ಗಂಡನ್ನ ಕಳಕೊಂಡಾಕಿ."

ಬಸ್ಸು ಎಲ್ಲೋ ನಿಂತು ಮತ್ತೆ ಹೊರಟಿತು. ಆಕೆ ತಗ್ಗಿದ ದನಿಯಲ್ಲಿ ಹೇಳಿದಳು.

"ನೀವು ಅವತ್ತ ಖರೇ ಹೇಳಿದ್ದು ಛಲೋ ಆತ್ರಿ, ಸರ. ಇಲ್ಲಂದ್ರ ನಾ ಮಂದೀ ಮ್ಯಾಲೆ ಹಾಕ್ಕೋತ ಅಡ್ಡಾಡ್ತಿದ್ನೋ ಏನೋ. ನಂದ ತಪ್ಪು ಅಂತ ಗೊತ್ತಾದ ಮ್ಯಾಲೆ ಏನ ಮಾಡಬೇಕು ಅನ್ನೂದರೆ ತಿಳೀತು."

ಆಕೆ ನನ್ನ ಉಪಕಾರ ಸ್ಮರಿಸುತ್ತಿದ್ದಳು. ತಿಳವಳ್ಳಿ ಬಂತು. ಬರ್ತೇನ್ರಿ ಸರ ಎಂದು ಇಳಿದು ಹೋದಳು. ನಾನು ಹಾನಗಲ್ಲಿನ ತನಕ ಕೂತಿದ್ದೆ, ಬಸ್ಸು ನಿಂತ ಮೇಲೂ ಕೂತಿದ್ದೆ. ಕಂಡಕ್ಟರು ಬಂದು ಎಬ್ಬಿಸಿದ.

ಮನೆಗೆ ಬಂದವನು ಸುಧಾಳಿಗೆ ಎಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಹೋಗಿ ಹೇಳ್ರಿ. ಈಗರೆ ಹೇಳ್ರಿ. ನಾನೂ ಬರ್ತೇನಿ. ಟಾರ್ಚ್ ಹಿಡದಾಕಿ ನಾನಲ್ಲೇನು?" ಎಂದಳು.

ಆದರೂ ನಾನು ತಕ್ಷಣ ಹೋಗಲಿಲ್ಲ. ಇದನ್ನೂ ಬರೆಯಬೇಕು. ಐದು ತಿಂಗಳು ತೆಗೆದುಕೊಂಡೆ. ಸತ್ತವರು ಬರುವುದಿಲ್ಲ, ಆಕೆಗೆ ಹೇಗೋ ಒಂದು ಸಮಾಧಾನ ಸಿಕ್ಕಿದೆ, ಅದನ್ನು ಕೆಡಿಸಿ ಏನು — ಹೀಗೆಲ್ಲ ಯೋಚಿಸಿದೆ. ಆಕೆಯ ಸಮಾಧಾನದ ನೆಪದಲ್ಲಿ ನನ್ನದನ್ನು ಕಾಯುತ್ತಿದ್ದೆ. ಗಿರಿಜವ್ವ ತಿಳವಳ್ಳಿಗೆ ಹೋಗುವ ವಾರದಂದು ಒಮ್ಮೆ ಸುಧಾ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲ ಹೊರಗೆ ನಿಂತು, "ನೀವು ಬರದಿದ್ರ ನಾ ಒಬ್ಬಾಕೇ ಹೋಗ್ತೇನಿ" ಎಂದಳು. ಹೊರಟೆ.

ತಿಳವಳ್ಳಿಯ ಆ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅಂಗಳದಲ್ಲಿ ಗೋವಿನಜೋಳ ಹರವಿದ್ದರು. ಕಟ್ಟೆಯ ಮೇಲೆ ಶಿವಗಂಗವ್ವ ಕಾಲು ಚಾಚಿ ಕೂತಿದ್ದರು, ಗಿರಿಜವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ನಮ್ಮನ್ನು ಕಂಡು ಗಿರಿಜವ್ವ ಎದ್ದಳು. "ಬರ್ರಿ ಸರ, ಕುಂಡ್ರಿ, ನೀರು ತರ್ತೇನಿ."

ಆಕೆ ತಂಬಿಗೆ ತಂದಿಟ್ಟಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬೆಂಕಿ ನಿಮ್ಮ ಒಲೆಯಿಂದ ಹತ್ತಲಿಲ್ಲ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದವನು ನಾನು. ನಿಮ್ಮ ಮಗಳ ಅರ್ಜಿ ನನ್ನ ಕೈಗೆ ಬಂದಿತ್ತು, ಹರಿದು ಹಾಕಿದೆ. ನೀವು ಕೇಳಿದಾಗ ಹೌದು ಎಂದದ್ದು ಸುಳ್ಳು. ಐದಾರು ವಾಕ್ಯ. ಅಷ್ಟು ಚಿಕ್ಕದಿತ್ತು ಅದು.

ಗಿರಿಜವ್ವ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಅವತ್ತ ನಾ ಕೇಳಿದಾಗೂ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ಏಳ ವರ್ಷ ಆತ್ರಿ, ಒಲಿ ಆರಿಸಿದ ಮ್ಯಾಲೂ ಮೂರ ಸಲ ಎದ್ದು ಹೋಗಿ ನೋಡ್ತೇನಿ." ಮತ್ತೆ ಅಂದಳು, "ನನ್ನ ಮಗಳು ಸುಳ್ಳು ಹೇಳ್ತಾಳಂತ ಮಂದಿ ಅಂದ್ರು. ಹೌದೇನೋ ಅಂತ ನಾನೂ ಒಮ್ಮೆ ಆಕೀಗೆ ಕೇಳೀನಿ. ಅರ್ಜಿ ಖರೇನ ಕೊಟ್ಟಿಯೇನಬೇ ಅಂತ."

ಇದು ನನಗೆ ಗೊತ್ತಿರಲಿಲ್ಲ. ಸುಧಾ ಆಕೆಯ ಕಾಲಿಗೆ ಬಗ್ಗಲು ಹೋದಳು. "ಬ್ಯಾಡ್ರಿ ಅಕ್ಕಾರ" ಎಂದು ಗಿರಿಜವ್ವ ಹಿಂದೆ ಸರಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಒಪ್ಪಿಗೆಯೂ ಇರಲಿಲ್ಲ.

ಶಿವಗಂಗವ್ವ ನನ್ನ ಮೇಲೆ ಎರಗುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗಿರಿಜವ್ವನ ಕೈ ಹಿಡಿದುಕೊಂಡರು.

"ನಿನ್ನ ಬುಟ್ಟಿ ಬೀದಿಗೆ ಒಗದೆ. ನಿನ್ನ ಮಗಳ ಹೆಸರ ತಗೊಂಡು ಮಣ್ಣು ತೂರಿದೆ, ಆಕೀ ಮನಿ ಬೆಳಗಬಾರದು ಅಂತ. ಹಾಡಹಗಲ ಓಣ್ಯಾಗ ನಿಂತು ತೂರಿದೆ." ಆಮೇಲೆ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನನ್ನ ಗಂಡ ಹೋದ, ಅದು ಒಂದು. ಆದ್ರ ತಪ್ಪಿಲ್ಲದಾಕೀಗೆ ನನ್ನ ಬಾಯಿಲೆ ಶಾಪ ಹಾಕಿಸಿದ್ರಲ್ರೀ. ಅದನ್ನ ಹೊಳ್ಳಿ ಹೆಂಗ ತಗೋಬೇಕು, ಹೇಳ್ರಿ. ನೀವು ಕಲತವರು."

ನಾನು ಕೆಡಿಸಿದ್ದು ಒಬ್ಬ ಹೆಣ್ಣುಮಗಳ ಬಾಳನ್ನು ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಗಂಡ ಸತ್ತವಳನ್ನು ಶಾಪ ಹಾಕುವವಳನ್ನಾಗಿ ಮಾಡಿದ್ದು, ತಾಯಿಗೆ ಮಗಳ ಮೇಲೆ ಸಂಶಯ ಹುಟ್ಟಿಸಿದ್ದು — ಇವು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಕ್ಷಮೆ ಕೇಳಿದೆ. ಗಿರಿಜವ್ವ, "ಈಗ ನನ್ನ ಕಡೆ ಏನೂ ಕೇಳಬ್ಯಾಡ್ರಿ. ರೇಖಾಗ ಹೇಳ್ರಿ ಮೊದಲ" ಎಂದಳು. ರೇಖಾ ಈಗ ಹಿರೇಕೆರೂರಿನಲ್ಲಿ ನರ್ಸು. ತಾಯಿಯೇ ಫೋನು ಹಚ್ಚಿ ಕೊಟ್ಟಳು. ನಾನು ಹೇಳುವುದನ್ನು ಆ ಹುಡುಗಿ ಕೊನೆಯವರೆಗೆ ಕೇಳಿಸಿಕೊಂಡಳು. "ಆತ್ರಿ. ನನಗ ಡ್ಯೂಟಿ ಐತಿ" ಎಂದು ಇಟ್ಟಳು.

ನಾವು ನೀರು ಕುಡಿಯದೆ ಹೊರಟೆವು. ಕೊಡಲಿಲ್ಲ ಎಂದಲ್ಲ, ತಂದಿಟ್ಟ ತಂಬಿಗೆ ಅಲ್ಲೇ ಇತ್ತು. ಎತ್ತಿ ಕುಡಿಯುವ ಮುಖ ಇರಲಿಲ್ಲ.

ಮರುವಾರ ಸಂಘದ ಸಭೆ ಕರೆದು ಅದನ್ನೇ ಹೇಳಿದೆ. ಕೆಲವರು ನೆಲ ನೋಡಿದರು. ಒಬ್ಬರು, "ಮುಗದ ಸುದ್ದಿ, ಮತ್ಯಾಕ ಕೆದಕ್ತೀರಿ ಸರ? ಬಿಲ್ಡಿಂಗಿನ ಹೆಸರು ಕೆಡ್ತದ" ಎಂದರು. ಏಳು ವರ್ಷದ ಹಿಂದೆ ನಾನೂ ಹಾಗೆಯೇ ಹೇಳುತ್ತಿದ್ದೆ. ಕಾರ್ಯದರ್ಶಿ ಸ್ಥಾನ ಬಿಟ್ಟೆ. ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಅಲ್ಲಿದ್ದವರು ಎರಡು ಸಲ ಓದಿ, ಹಳೆಯ ಕೇಸು, ತೀರ್ಪು ಆಗಿಹೋಗಿದೆ, ನಿಮಗೆ ವಕೀಲರು ಬೇಕು ಎಂದರು. ವಕೀಲರನ್ನು ಕಂಡೆ. ಗಿರಿಜವ್ವನ ಹೆಸರಿಗಾದ ಶಿಕ್ಷೆಯನ್ನು ತೆಗೆಸಬೇಕಾದರೆ ಆಕೆಯೇ ಮೇಲಿನ ಕೋರ್ಟಿಗೆ ಅರ್ಜಿ ಹಾಕಬೇಕು, ಇಷ್ಟು ತಡವಾಗಿದ್ದಕ್ಕೆ ಕಾರಣ ಹೇಳಬೇಕು, ಆ ಕಾರಣ ನೀವೇ ಎಂದು ನೀವು ಪ್ರಮಾಣ ಮಾಡಬೇಕು, ನಿಮ್ಮ ಮೇಲೆ ಕೇಸು ಆಗುತ್ತದೆ ಎಂದರು. ಆಗಲಿ ಎಂದೆ. ಶಿಕ್ಷೆ ಕಡಿಮೆಯಾಗಲು ವಯಸ್ಸು, ಬಿಪಿ ಇವನ್ನೆಲ್ಲ ಬರೆಯೋಣವೇ ಎಂದರು. ಬೇಡ ಎಂದೆ.

ಗಿರಿಜವ್ವ ಅರ್ಜಿಗೆ ಒಪ್ಪಿದ್ದಾಳೆ. ರೇಖಾ ಒತ್ತಾಯ ಮಾಡಿದಳಂತೆ. ತಾಯಿ ಮಗಳಿಬ್ಬರೂ ಬರುತ್ತಾರೆ, ಶಿವಗಂಗವ್ವನವರೂ ಮೊಣಕಾಲು ಎಳೆದುಕೊಂಡು ಬರುತ್ತೇನೆ ಎಂದಿದ್ದಾರೆ. ನನ್ನ ಜೊತೆ ಯಾರೂ ಮಾತಾಡಿಲ್ಲ, ವಕೀಲರಿಂದ ತಿಳಿದದ್ದು. ಗಿರಿಜವ್ವ ಇನ್ನೂ ತಿಳವಳ್ಳಿಗೆ ವಾರಕ್ಕೊಮ್ಮೆ ಹೋಗುತ್ತಾಳೆ ಎಂಬುದೂ ಅವರಿಂದಲೇ ತಿಳಿಯಿತು.

ಬರುವ ಸೋಮವಾರ ಕೋರ್ಟಿನಲ್ಲಿ ಮೊದಲ ತಾರೀಖು. ಬೆಳಗಿನ ಬಸ್ಸಿಗೆ ನಾನು ಮತ್ತು ಸುಧಾ ಹೋಗುತ್ತೇವೆ. ತಪ್ಪು ಯಾರದೆಂದು ಅಲ್ಲಿ ಕೇಳಿದರೆ ನನ್ನ ಹೆಸರು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.